ರ‍್ಯಾಂಪ್ ಗಟ್ಟಿ ಇದ್ದರೆ ಸಾಲದು, ಅಲುಗಬಾರದು

ಮನೆಯಲ್ಲೇ ಎಂಜಿನ್ ಆಯಿಲ್ ಬದಲಾಯಿಸಬೇಕು ಅಂತ ಹೊರಟವರು, ಚಕ್ರ ಹತ್ತಿಸಿ ಕಾರನ್ನು ಎತ್ತರದಲ್ಲಿ ನಿಲ್ಲಿಸುವ ಇಳಿಜಾರು ಆಸರೆಯಾದ ರ‍್ಯಾಂಪ್ ಬಗ್ಗೆ ಮೊದಲು ಕೇಳುವ ಪ್ರಶ್ನೆ ಒಂದೇ. ‘ಇದು ನಮ್ಮ ಕಾರಿನ ಭಾರ ತಡೆಯುತ್ತಾ?’ ಕೇಳಬೇಕಾದ ಪ್ರಶ್ನೆಯೇ ಅದು. ಟನ್‌ಗಟ್ಟಲೆ ಕಬ್ಬಿಣದ ಕೆಳಗೆ ಬೆನ್ನು ಚಾಚಿ ಮಲಗುವಾಗ ಬೇರೇನು ತಾನೇ ನೆನಪಾಗುತ್ತದೆ? ಆದರೆ ಆ ಪ್ರಶ್ನೆಗೆ ಉತ್ತರ ಸುಲಭ. ಕಷ್ಟದ ಪ್ರಶ್ನೆ ಬೇರೆ ಇದೆ. ಕಾರು ಹತ್ತುವಾಗ, ಮೇಲೆ ನಿಂತಾಗ, ಇಳಿಯುವಾಗ ಈ ರ‍್ಯಾಂಪ್ ಇಟ್ಟ ಜಾಗದಲ್ಲೇ ಇರುತ್ತಾ? ಕೊಳ್ಳುವುದಾಗಲಿ, ಕೈಯಾರೆ ಮಾಡಿಕೊಳ್ಳುವುದಾಗಲಿ, ಈ ಎರಡನೇ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ತೀರ್ಮಾನಗಳು ಬೇರೆಯೇ ಆಗುತ್ತವೆ.

ಮೊದಲು ಭಾರದ ಲೆಕ್ಕ ಮುಗಿಸಿಬಿಡೋಣ.

1,200 ಕೆ.ಜಿ. ತೂಗುವ ಒಂದು ಕಾರು ಅಂದುಕೊಳ್ಳಿ. ಎಂಜಿನ್ ಮುಂದಿದ್ದು, ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ತೂಕದ ಶೇ. 60ರಷ್ಟು ಮುಂದಿನ ಆಕ್ಸಲ್ ಮೇಲಿರುತ್ತದೆ. ಅಂದರೆ 720 ಕೆ.ಜಿ. ಎರಡು ಚಕ್ರಕ್ಕೆ ಹಂಚಿದರೆ ಒಂದೊಂದು ರ‍್ಯಾಂಪಿನ ಮೇಲೆ 360 ಕೆ.ಜಿ. ಈ ಭಾರ ಒಂದು ಬಿಂದುವಿನ ಮೇಲೆ ಬೀಳುವುದಿಲ್ಲ, ಟೈರ್ ಅದನ್ನು ಹರಡುತ್ತದೆ. ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2.25 ಕೆ.ಜಿ. ಒತ್ತಡ. 360ನ್ನು 2.25ರಿಂದ ಭಾಗಿಸಿ. ಹೆಚ್ಚುಕಡಿಮೆ 160 ಚದರ ಸೆಂಟಿಮೀಟರ್ ಬರುತ್ತದೆ, ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡ ಜಾಗ. ಟೈರಿನ ಪಕ್ಕದ ಗೋಡೆಯ ಬಿಗಿಯಿಂದ ಈ ಲೆಕ್ಕ ಚೂರು ಆಚೀಚೆ ಆಗಬಹುದು, ಅಷ್ಟೇ.

ಈಗ ಮರದ ಕಡೆ ನೋಡಿ. ಮೆತ್ತಗಿನ ಪೈನ್ ಹಲಗೆಯನ್ನು ಮಲಗಿಸಿ ಮೇಲಿನಿಂದ ಒತ್ತಿದರೂ ಅದು ಚದರ ಸೆಂಟಿಮೀಟರಿಗೆ 20 ಕೆ.ಜಿ.ಗಿಂತ ಜಾಸ್ತಿ ಒತ್ತಡ ತಡೆಯುತ್ತದೆ. ಟೈರ್ ಕೊಡುವುದು ಎರಡೂಕಾಲು ಕೆ.ಜಿ. ಮಾತ್ರ. ಕೆಳಗಿನಿಂದ ಮೇಲಿನವರೆಗೆ ಸಂದಿಲ್ಲದೆ ಪೇರಿಸಿದ ಹಲಗೆಗಳು ಕಾರಿನ ಭಾರಕ್ಕೆ ಜಜ್ಜಿಹೋಗುವ ಮಾತೇ ಇಲ್ಲ. ಕಬ್ಬಿಣದ ಒಳ್ಳೆಯ ರ‍್ಯಾಂಪಿಗೂ ಇದೇ ಮಾತು. ಅದಕ್ಕೇ ಹೇಳಿದ್ದು, ಬಲದ ಪ್ರಶ್ನೆ ಸುಲಭದ್ದು ಅಂತ.

ಅಂಗಡಿಯ ರ‍್ಯಾಂಪಿನ ಮೇಲಿರುವ ತೂಕದ ಅಂಕಿಯನ್ನು ಮಾತ್ರ ನಿಧಾನವಾಗಿ ಓದಬೇಕು. ಕೆಲವು ತಯಾರಕರು ಜೋಡಿಯ ತೂಕ ಬರೆಯುತ್ತಾರೆ. ಕೆಲವರು ಒಂದೊಂದರದ್ದು ಬರೆಯುತ್ತಾರೆ. ಇನ್ನು ಕೆಲವರು ಇಡೀ ವಾಹನದ ಒಟ್ಟು ತೂಕ ಎಷ್ಟಿರಬಹುದು ಅಂತ ಬರೆಯುತ್ತಾರೆ. ‘2 ಟನ್’ ಅಂತ ಕಂಡ ತಕ್ಷಣ ಯಾವ 2 ಟನ್ ಅಂತ ಕೇಳಿಕೊಳ್ಳಿ. ನನ್ನ ರೂಢಿ ಇದು: ಜೋಡಿಯ ಅಂಕಿ ಇಡೀ ಕಾರಿನ ಒಟ್ಟು ತೂಕಕ್ಕಿಂತ ಜಾಸ್ತಿ ಇರಬೇಕು. ಎರಡೇ ಚಕ್ರ ಹತ್ತಿಸಿದರೂ ಅಷ್ಟೇ. ಇಂಥ ರ‍್ಯಾಂಪ್‌ಗಳಿಗೆ ಮಾನದಂಡಗಳೂ ಇವೆ. ಅಮೆರಿಕದಲ್ಲಿ ಎಎಸ್‌ಎಂಇ ಸಂಸ್ಥೆಯ ಪೇಸ್ ಮಾನದಂಡ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಎಎಸ್/ಎನ್‌ಝಡ್‌ಎಸ್ 2640. ಯಾವ ಗುರುತೂ ಇಲ್ಲದ, ತೂಕವನ್ನೂ ಬರೆಯದ ರ‍್ಯಾಂಪನ್ನು ಎಷ್ಟೇ ಗಟ್ಟಿಯಾಗಿ ಕಂಡರೂ ನಾನು ಮುಟ್ಟುವುದಿಲ್ಲ.

ಜಾರುವುದು ಯಾಕೆ?

ನಾನು ಮೊದಲ ಸಲ ಕಾರು ಹತ್ತಿಸಿದಾಗ ಬಳಸಿದ್ದು ಕಬ್ಬಿಣದ ರ‍್ಯಾಂಪ್. ಕಾರಿನ ತೂಕಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಗಟ್ಟಿ. ನೆಲ ನಯವಾದ ಸಿಮೆಂಟಿನದು. ಎರಡು ಟೈರಿನ ಮುಂದೆ ಎರಡನ್ನೂ ಇಟ್ಟು, ಮೊದಲ ಗೇರಿನಲ್ಲಿ ನಿಧಾನಕ್ಕೆ ಬಿಟ್ಟೆ. ಬಲಗಡೆ ಟೈರ್ ಹತ್ತತೊಡಗಿತು. ಎಡಗಡೆಯದು ‘ಕರ್‌ರ್’ ಅಂತ ನೆಲ ಕೆರೆಯುತ್ತ ಮುಂದಕ್ಕೆ ಹೋಯಿತು. ಬ್ರೇಕ್ ಒತ್ತಿದಾಗ ಕಾರಿನ ಒಂದು ಮೂಲೆ ಮೇಲೆ, ಇನ್ನೊಂದು ನೆಲದಲ್ಲಿ. ರ‍್ಯಾಂಪ್ ಗೋಡೆಗೆ ಒಂದು ಗೇಣು ದೂರದಲ್ಲಿತ್ತು. ಏನೂ ಮುರಿದಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎರಡೂ ಒಂದೇ ಥರದವು, ಒಂದೇ ನೆಲ, ಒಂದು ಹೋಯಿತು ಒಂದು ನಿಂತಿತು ಅಂದರೆ ಏನರ್ಥ ಅಂತ ಅವತ್ತಿಡೀ ತಲೆ ಕೆಡಿಸಿಕೊಂಡೆ.

ಉತ್ತರ ಇರುವುದು ಟೈರ್ ರ‍್ಯಾಂಪಿನ ಮೂಗನ್ನು, ಅಂದರೆ ಏರು ಶುರುವಾಗುವ ತಗ್ಗಿನ ತುದಿಯನ್ನು, ಸೋಕುವ ಆ ಒಂದು ಕ್ಷಣದಲ್ಲಿ. ಆಗ ಕಾರಿನ ಭಾರವೆಲ್ಲ ಇನ್ನೂ ನೆಲದ ಮೇಲೇ ಇರುತ್ತದೆ. ರ‍್ಯಾಂಪಿನ ಮೇಲೆ ಅದರದ್ದೇ ತೂಕ ಬಿಟ್ಟರೆ ಬೇರೇನೂ ಇಲ್ಲ. ಪ್ಲಾಸ್ಟಿಕ್ ರ‍್ಯಾಂಪ್ ಆದರೆ ಅದು ಕೆಲವೇ ಕೆ.ಜಿ. ಕಾಲಿನ ಹೆಬ್ಬೆರಳಲ್ಲಿ ಒದ್ದರೂ ಸರಿಯುವಂಥದ್ದು. ಅಂಥದ್ದನ್ನು ಒಂದು ಟನ್ ಕಾರು ಬಂದು ತಳ್ಳುತ್ತದೆ. ರ‍್ಯಾಂಪನ್ನು ನೆಲಕ್ಕೆ ಒತ್ತಿ ಹಿಡಿಯಬೇಕಾದ ಭಾರ ಬರುವ ಮೊದಲೇ ತಳ್ಳುವ ಬಲ ಬಂದುಬಿಡುತ್ತದೆ. ನೆಲ ಒಂದು ಕಡೆ ಚೂರು ಒರಟು, ಇನ್ನೊಂದು ಕಡೆ ಒಂಚೂರು ಧೂಳು ಇದ್ದರೆ ಸಾಕು, ಒಂದು ನಿಲ್ಲುತ್ತದೆ, ಒಂದು ಓಡುತ್ತದೆ.

ಟೈರ್ ಏರಿಗೆ ಬಂದ ಮೇಲೆ ಆಟ ಬದಲಾಗುತ್ತದೆ. ಇಲ್ಲಿ ಯಾವ ಚಕ್ರ ಕಾರನ್ನು ಓಡಿಸುತ್ತದೆ ಅನ್ನುವುದು ಮುಖ್ಯ. ಹಿಂದಿನ ಚಕ್ರಗಳು ತಳ್ಳುವ ಕಾರಿನಲ್ಲಿ ಮುಂದಿನ ಚಕ್ರಗಳು ಸುಮ್ನೆ ಉರುಳುತ್ತವೆ. ಅವು ಏರನ್ನು ಒತ್ತಿದಾಗ ಆ ಒತ್ತಡದ ಒಂದು ಪಾಲು ರ‍್ಯಾಂಪನ್ನು ಮುಂದಕ್ಕೆ ನೂಕುತ್ತದೆ. ಏರು 17 ಡಿಗ್ರಿ ಇದ್ದರೆ ಆ ಪಾಲು ಭಾರದ ಶೇ. 30ರಷ್ಟು. ಒಂದು ಚಕ್ರದ ಮೇಲೆ 300 ಕೆ.ಜಿ. ಇದ್ದರೆ 90 ಕೆ.ಜಿ.ಯಷ್ಟು ನೂಕು, ಅದೂ ಹತ್ತುವಷ್ಟು ಹೊತ್ತೂ. ಅದೇ ಏರನ್ನು 11 ಡಿಗ್ರಿಗೆ ಇಳಿಸಿದರೆ ನೂಕು 60 ಕೆ.ಜಿ.ಗಿಂತ ಕೆಳಗೆ ಬರುತ್ತದೆ. ಏರು ಸಣ್ಣದಾದಷ್ಟೂ ರ‍್ಯಾಂಪ್ ತೆಪ್ಪಗಿರುತ್ತದೆ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಾಗಲ್ಲ. ಟೈರ್ ಏರನ್ನು ಕಚ್ಚಿ ಹತ್ತುವಾಗ ಅದು ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಏರಿನ ನೂಕು ಮುಂದಕ್ಕೆ, ಟೈರಿನ ಒದೆತ ಹಿಂದಕ್ಕೆ. ನಿಧಾನವಾಗಿ, ಒಂದೇ ವೇಗದಲ್ಲಿ ಹತ್ತಿದರೆ ಎರಡೂ ಒಂದಕ್ಕೊಂದು ವಜಾ ಆಗಿ ರ‍್ಯಾಂಪ್ ನಿಂತಲ್ಲೇ ನಿಲ್ಲುತ್ತದೆ. ‘ಹತ್ತುತ್ತಾ ಇಲ್ಲ’ ಅಂತ ದಿಢೀರನೆ ಆಕ್ಸಿಲರೇಟರ್ ಒತ್ತಿದಿರೋ, ಒದೆತ ಜಾಸ್ತಿಯಾಗಿ ರ‍್ಯಾಂಪ್ ಟೈರಿನ ಕೆಳಗಿನಿಂದ ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಇಂಥ ಕಾರಿಗೆ ಎರಡು ಅಪಾಯ. ಸೋಕುವಾಗ ಮುಂದಕ್ಕೆ ಓಡುವುದು, ಅವಸರ ಮಾಡಿದರೆ ಹಿಂದಕ್ಕೆ ಹಾರುವುದು.

ರೋಗ ಗೊತ್ತಾದರೆ ಮದ್ದು ಅಲ್ಲೇ ಇದೆ. ಟೈರ್ ಹತ್ತುವ ಮೊದಲೇ ಕಾರಿನ ಭಾರ ರ‍್ಯಾಂಪನ್ನು ಹಿಡಿದುಕೊಳ್ಳಬೇಕು. ಅದಕ್ಕೆ ರ‍್ಯಾಂಪಿಗೊಂದು ನಾಲಿಗೆ ಬೇಕು. ದಪ್ಪ ರಬ್ಬರ್ ಶೀಟನ್ನು ರ‍್ಯಾಂಪಿನ ತಳಕ್ಕೆ ಗಟ್ಟಿಯಾಗಿ ಕೂರಿಸಿ, ಮೂಗಿನಿಂದ ಒಂದು ಮೊಳದಷ್ಟು ಹೊರಗೆ ಚಾಚಿಬಿಡಿ. ಮರದ್ದಾದರೆ ತೆಳುವಾದ ಪ್ಲೈವುಡ್ ಪಟ್ಟಿಯೂ ಆಗುತ್ತದೆ, ಅದರ ಅಡಿಗೆ ರಬ್ಬರ್. ಟೈರ್ ಮೊದಲು ಈ ನಾಲಿಗೆಯ ಮೇಲೆ ನಿಲ್ಲುತ್ತದೆ, ಆಮೇಲೆ ಮೂಗನ್ನು ಸೋಕುತ್ತದೆ. ಅಷ್ಟು ಹೊತ್ತಿಗೆ 300–360 ಕೆ.ಜಿ. ನಾಲಿಗೆಯನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ರ‍್ಯಾಂಪ್ ಎಲ್ಲಿಗೆ ಹೋದೀತು? ಏನೂ ಇಲ್ಲದಿದ್ದರೆ ಹಳೆಯ ಕಾರ್ಪೆಟ್ ತುಂಡಿನ ಮೇಲೆ ರ‍್ಯಾಂಪಿಟ್ಟು, ಅದರ ಇನ್ನೊಂದು ತುದಿಯ ಮೇಲೆ ಟೈರ್ ನಿಲ್ಲಿಸಿದರೂ ಎಷ್ಟೋ ವಾಸಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ದುಬಾರಿ ರ‍್ಯಾಂಪಿಗೂ ನಾಲಿಗೆ ಹಾಕಿ.

ನೆಲದ ಬಗ್ಗೆ ಎರಡು ಮಾತು. ಗಟ್ಟಿ, ಮಟ್ಟಸ, ಒಣಗಿದ ನೆಲವೇ ಆಗಬೇಕು. ಮಣ್ಣಿನಲ್ಲಿ ಒಂದು ಕಡೆ ಹೂತುಕೊಂಡರೆ ರ‍್ಯಾಂಪ್ ಓರೆಯಾಗುತ್ತದೆ. ಜಲ್ಲಿಕಲ್ಲಿನ ಮೇಲೆ ಪ್ಲಾಸ್ಟಿಕ್ ರ‍್ಯಾಂಪಿಗೆ ತಳಪೂರ್ತಿ ಆಸರೆ ಸಿಗದೆ ಒಳಗಿನ ಏಣುಗಳು ಬಿರುಕು ಬಿಡುತ್ತವೆ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಕಬ್ಬಿಣದ ಕಾಲು ಇಳಿಯುತ್ತದೆ. ಟೈಲ್ಸ್ ಅಂತೂ ಬೇಡವೇ ಬೇಡ. ನೆಲ ಇಳಿಜಾರಾಗಿದ್ದರೆ ಅವತ್ತು ಕೆಲಸವೇ ಬೇಡ. ಮೀಟರಿಗೆ 2 ಸೆಂ.ಮೀ. ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ 1,200 ಕೆ.ಜಿ. ಕಾರನ್ನು ಅದು 24 ಕೆ.ಜಿ. ಬಲದಿಂದ ಸದಾ ಎಳೆಯುತ್ತಲೇ ಇರುತ್ತದೆ.

ಬಂಪರ್ ತಾಗುತ್ತದಲ್ಲ!

ಕೊಂಡು ತಂದ ಮೇಲೆ ತುಂಬ ಜನ ಪೇಚಿಗೆ ಸಿಗುವುದು ಇಲ್ಲಿ. ಟೈರ್ ರ‍್ಯಾಂಪನ್ನು ಸೋಕುವ ಮೊದಲೇ ಬಂಪರ್ ಹೋಗಿ ಅದಕ್ಕೆ ಗುದ್ದುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಬಹುದು.

ಚಕ್ರದ ನಡುವಿನಿಂದ ಬಂಪರಿನ ತುದಿಗೆ 80 ಸೆಂ.ಮೀ., ಬಂಪರಿನ ಕೆಳ ಅಂಚು ನೆಲದಿಂದ 18 ಸೆಂ.ಮೀ. ಅಂದುಕೊಳ್ಳಿ. ಟೈರ್ ಏರನ್ನು ಸೋಕುವಾಗ ಬಂಪರ್ ಆಗಲೇ ರ‍್ಯಾಂಪಿನ ಮೂಗಿನಿಂದ ಸುಮಾರು 75 ಸೆಂ.ಮೀ. ಮುಂದೆ, ಅದರ ಮೇಲೇ ಇರುತ್ತದೆ. 17 ಡಿಗ್ರಿಯ, 20 ಸೆಂ.ಮೀ. ಎತ್ತರದ ರ‍್ಯಾಂಪ್ ಆದರೆ 65 ಸೆಂ.ಮೀ. ಹೋಗುವಷ್ಟರಲ್ಲೇ ಅದು ತನ್ನ ಪೂರ್ತಿ ಎತ್ತರ ಮುಟ್ಟಿರುತ್ತದೆ. 18 ಸೆಂ.ಮೀ.ನ ಬಂಪರ್ 20 ಸೆಂ.ಮೀ.ನ ರ‍್ಯಾಂಪನ್ನು ದಾಟಲಾರದು, ಅಲ್ವಾ? ಏರನ್ನು ಉದ್ದ ಮಾಡಿ, ಮೂಗಿನಿಂದ 75 ಸೆಂ.ಮೀ. ದೂರದಲ್ಲಿ ಎತ್ತರ 15 ಸೆಂ.ಮೀ.ಗೆ ನಿಲ್ಲುವಂತೆ ನೋಡಿಕೊಂಡರೆ ಅದೇ ಕಾರು ಸಲೀಸಾಗಿ ಹೋಗುತ್ತದೆ. ಟೈರ್ ಹತ್ತತೊಡಗಿದ ಮೇಲೆ ಚಿಂತೆ ಕಡಿಮೆ. ಬಂಪರ್ ಚಕ್ರಕ್ಕಿಂತ ಮುಂದಿರುವುದರಿಂದ ಚಕ್ರ ಏರಿದ್ದಕ್ಕಿಂತ ಜಾಸ್ತಿಯೇ ಮೇಲೆ ಹೋಗುತ್ತದೆ.

ಲೆಕ್ಕ ಬೇಡ ಅನ್ನುವವರು ಒಂದು ರಟ್ಟನ್ನು ರ‍್ಯಾಂಪಿನ ಪಕ್ಕದ ಆಕಾರಕ್ಕೆ ಕತ್ತರಿಸಿ, ಟೈರಿನ ಮುಂದೆ ಇಟ್ಟು, ಬಂಪರಿನ ಅಡಿಗೆ ತೂರಿಸಿ ನೋಡಿ. ತೂರಿದರೆ ಸರಿ. ನಿಮಿಷದ ಕೆಲಸ, ಕೊಳ್ಳುವ ಮೊದಲೇ ಆಗುತ್ತದೆ.

ಕೊಳ್ಳುವುದಾದರೆ

ಕಬ್ಬಿಣ ಗಟ್ಟಿ, ಬಾಳಿಕೆ ಜಾಸ್ತಿ. ತುಕ್ಕು ಮತ್ತು ವೆಲ್ಡಿಂಗ್ ಬಿರುಕಿನ ಮೇಲೆ ಕಣ್ಣಿಟ್ಟರಾಯಿತು. ಪ್ಲಾಸ್ಟಿಕ್ ಹಗುರ, ತುಕ್ಕಿಲ್ಲ, ತಳ ಅಗಲ. ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ಬಣ್ಣಗೆಟ್ಟು ಪೆಡಸಾಗುತ್ತದೆ. ಹಾಗೆ ಪೆಡಸಾದದ್ದನ್ನು ಎರಡನೇ ಕೈ ಕೊಳ್ಳಬೇಡಿ. ಎರಡರಲ್ಲೂ ನಾನು ನೋಡುವುದು ಮೂರು ವಿಷಯ. ತಳ ಎತ್ತರಕ್ಕಿಂತ ಅಗಲ ಇದೆಯಾ? ಏರು ಎಷ್ಟು ಉದ್ದ? ಮೇಲಿನ ಕಟ್ಟೆ ಮಟ್ಟಸವಾಗಿ, ಟೈರ್ ನೆಮ್ಮದಿಯಾಗಿ ಕೂರುವಷ್ಟು ಉದ್ದ ಇದೆಯಾ?

ಈ ಮೂರನೆಯದನ್ನು ಚೂರು ಬಿಡಿಸಿ ಹೇಳಬೇಕು. ಮುಂದಿನ ಚಕ್ರ ಮಟ್ಟಸ ಕಟ್ಟೆಯ ಮೇಲೆ, ಹಿಂದಿನ ಚಕ್ರ ಮಟ್ಟಸ ನೆಲದ ಮೇಲೆ ಇದ್ದರೆ ಕಾರು ಓರೆಯಾಗಿ ಕಂಡರೂ ಅದನ್ನು ಹಿಂದಕ್ಕೆ ಉರುಳಿಸುವ ಬಲ ಇರುವುದಿಲ್ಲ. ಎರಡೂ ಆಸರೆ ನೆಟ್ಟಗೆ ಮೇಲಕ್ಕೇ ಎತ್ತಿ ಹಿಡಿದಿರುತ್ತವೆ. ಟೈರ್ ಕಟ್ಟೆಯ ಅಂಚಿನಿಂದ ಏರಿನ ಕಡೆ ಒಂದಿಷ್ಟು ಜಾರಿತೋ, ಆ ಕ್ಷಣದಿಂದ ಭೂಮಿ ಕಾರನ್ನು ಕೆಳಗೆ ಎಳೆಯತೊಡಗುತ್ತದೆ. ಕೆಳಗೆ ಮಲಗಿ ಬಿಗಿಯಾದ ನಟ್ಟಿಗೆ ಜಗ್ಗುವಾಗ ಕಾರು ಒಂದೆರಡು ಇಂಚು ಅಲುಗಬಹುದು. ಆ ಒಂದೆರಡು ಇಂಚು ಕಟ್ಟೆಯ ಒಳಗೇ ಮುಗಿಯಬೇಕು. ಹಾಗಾಗಿ ಚಿಕ್ಕ ಕಟ್ಟೆಯ ರ‍್ಯಾಂಪ್ ನನಗೆ ಇಷ್ಟವಿಲ್ಲ.

ಕೈಯಾರೆ ಮಾಡುವುದಾದರೆ

ನನ್ನ ಮನಸ್ಸು ಒಲಿದಿರುವುದು ಮರಕ್ಕೇ. ಕಾರಿನ ಅಳತೆಗೆ ತಕ್ಕಂತೆ ಮಾಡಿಕೊಳ್ಳಬಹುದು, ಅದರ ತೂಕವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ದೊಡ್ಡ ಗುಣ ಇದೆ. ಮರ ಸೋಲುವ ಮೊದಲು ಸದ್ದು ಮಾಡುತ್ತದೆ. ಲಟಲಟ ಅನ್ನುತ್ತದೆ, ಸೀಳು ತೋರಿಸುತ್ತದೆ.

ಇಟ್ಟಿಗೆ, ಟೊಳ್ಳು ಕಾಂಕ್ರೀಟ್ ಬ್ಲಾಕ್‌ಗಳಿಗೆ ಆ ಗುಣ ಇಲ್ಲ. ಗೋಡೆಯಲ್ಲಿ ಗಾರೆಯ ನಡುವೆ ಸಮನಾಗಿ ಭಾರ ಹೊರುವಾಗ ಅವು ಗಟ್ಟಿಯೇ. ಒಂದು ಮೂಲೆಯ ಮೇಲೆ ಭಾರ ಬಿದ್ದರೆ, ಅಡಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿದರೆ, ಯಾವ ಸೂಚನೆಯೂ ಇಲ್ಲದೆ ಒಡೆದು ಪುಡಿಯಾಗುತ್ತವೆ. ಹತ್ತು ಸಲ ತಡೆದದ್ದು ಹನ್ನೊಂದನೇ ಸಲ ತಡೆಯುತ್ತದೆ ಅಂತ ಏನೂ ಇಲ್ಲ. ಕಾರಿನ ಕೆಳಗೆ ಅವನ್ನು ಯಾವ ಕಾರಣಕ್ಕೂ ಇಡಬೇಡಿ. ಕೈಮುಗಿದು ಕೇಳುತ್ತೇನೆ.

ಮರದ ರ‍್ಯಾಂಪನ್ನು ಪೆಟ್ಟಿಗೆಯ ಹಾಗೆ ಟೊಳ್ಳಾಗಿ, ಕಾಲು ಕೊಟ್ಟು, ಮೇಲೆ ಇಳಿಜಾರು ಹಲಗೆ ಹೊಡೆದು ಮಾಡುವವರಿದ್ದಾರೆ. ಹಗುರವಾಗಿ, ಚೆಂದವಾಗಿ ಕಾಣುತ್ತದೆ. ಆದರೆ ಅಲ್ಲಿ ಭಾರ ಹೊರುವುದು ಮೊಳೆ ಮತ್ತು ಸ್ಕ್ರೂಗಳು. ಪೇರಿಸಿದ ಹಲಗೆಯಲ್ಲಿ ಭಾರ ಮರದಿಂದ ಮರಕ್ಕೆ, ಅಲ್ಲಿಂದ ನೆಲಕ್ಕೆ ನೇರವಾಗಿ ಇಳಿಯುತ್ತದೆ. ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಅದು ಕಾರನ್ನು ಹೊರಬಲ್ಲದು. ಸ್ಕ್ರೂ ಇರುವುದು ಹಲಗೆಗಳು ಒಂದರ ಮೇಲೊಂದು ಸರಿಯದಿರಲಿ ಅಂತ ಮಾತ್ರ. ಮಾಡುವಾಗ ಪ್ರತಿ ಹಂತದಲ್ಲೂ ಇದನ್ನೇ ಕೇಳಿಕೊಳ್ಳಿ: ಈ ಸ್ಕ್ರೂ ಇಲ್ಲದಿದ್ದರೂ ಇದು ನಿಲ್ಲುತ್ತಾ?

ನಾನು ಮಾಡಿಕೊಂಡದ್ದು ಮೆಟ್ಟಿಲಿನ ಥರದ್ದು. ಹಲಗೆಯ ದಪ್ಪ 38 ಮಿ.ಮೀ., ಅಗಲ 235 ಮಿ.ಮೀ. ಹೆಸರಿಗೆ 2 ಇಂಚು ಅನ್ನುವ ಹಲಗೆ ರಂದ ಹೊಡೆದ ಮೇಲೆ ಇಷ್ಟಕ್ಕೆ ಇಳಿದಿರುವುದು ಮಾಮೂಲು, ಹಾಗಾಗಿ ಟೇಪ್ ಹಿಡಿದೇ ಲೆಕ್ಕ ಮಾಡಿ. ಒಂದು ರ‍್ಯಾಂಪಿಗೆ ಐದು ತುಂಡು: 125, 105, 85, 65, 45 ಸೆಂ.ಮೀ. ಉದ್ದನೆಯದು ಕೆಳಗೆ. ಮುಂದಿನ ತುದಿಗಳೆಲ್ಲ ಒಂದೇ ಗೆರೆಗೆ ಬರುವಂತೆ ಪೇರಿಸಿದರೆ ಈಚೆ ಕಡೆ 20 ಸೆಂ.ಮೀ.ಗೊಂದು ಮೆಟ್ಟಿಲು ಏಳುತ್ತದೆ. ಒಟ್ಟು ಎತ್ತರ 19 ಸೆಂ.ಮೀ. ಏರು ಸುಮಾರು 11 ಡಿಗ್ರಿ. ಮೇಲೆ ಲೆಕ್ಕ ಹಾಕಿದ ತಗ್ಗು ಬಂಪರ್ ಇದನ್ನು ಮುಟ್ಟದೆ ದಾಟುತ್ತದೆ. ಎರಡು ರ‍್ಯಾಂಪಿಗೆ ಒಟ್ಟು ಎಂಟೂವರೆ ಮೀಟರ್ ಹಲಗೆ ಬೇಕು, ಗರಗಸಕ್ಕೆ ಹೋಗುವ ಪುಡಿ ಬಿಟ್ಟು.

ಮೆಟ್ಟಿಲಿನದು ಇನ್ನೊಂದು ಅನುಕೂಲ. ಟೈರ್ ಪ್ರತಿ ಮೆಟ್ಟಿಲ ಮೇಲೂ ಒಂದು ಕ್ಷಣ ಮಟ್ಟಸವಾಗಿ ಕೂರುತ್ತದೆ. ಎಷ್ಟು ಹತ್ತಿದೆವು ಅಂತ ಸೀಟಿನಲ್ಲೇ ಗೊತ್ತಾಗುತ್ತದೆ. ಪ್ರತಿ ಹಲಗೆಯ ಈಚೆ ಅಂಚನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿದರೆ ಟೈರಿಗೆ ಗುದ್ದು ಕಡಿಮೆ, ಅಂಚೂ ಸೀಳುವುದಿಲ್ಲ.

ಟೈರಿನ ಅಗಲ ಅದರ ಮೇಲೇ ಬರೆದಿರುತ್ತದೆ. 185/65 ಆರ್15 ಅಂದರೆ 185 ಮಿ.ಮೀ. 235ರ ಹಲಗೆಯಲ್ಲಿ ಎರಡೂ ಕಡೆ 25 ಮಿ.ಮೀ. ಉಳಿಯುತ್ತದೆ. ಅದಕ್ಕಿಂತ ಕಡಿಮೆ ನನಗೆ ಸಮಾಧಾನ ತರುವುದಿಲ್ಲ. ಅಗಲದ ಟೈರಿಗೆ ಎರಡು ಸಾಲು ಹಲಗೆ ಹಾಕಿ, ಕೂಡುವ ಗೆರೆ ಒಂದರ ಮೇಲೊಂದು ಬಾರದಂತೆ ಪದರದಿಂದ ಪದರಕ್ಕೆ ಸರಿಸಿ. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದು ತಪ್ಪಿಸುತ್ತಾರಲ್ಲ, ಹಾಗೆ.

ಹಲಗೆ ಆರಿಸುವಾಗ ನೆಟ್ಟಗಿರುವ, ಚೆನ್ನಾಗಿ ಒಣಗಿದ ಮರವನ್ನೇ ತೆಗೆದುಕೊಳ್ಳಿ. ತುದಿಯಿಂದ ಹೊರಟ ಸೀಳು, ಅಂಚಿನಲ್ಲಿ ದೊಡ್ಡ ಗಂಟು ಇದ್ದರೆ ಬಿಡಿ. ದಪ್ಪ ಪ್ಲೈವುಡ್ ಪಟ್ಟಿಗಳನ್ನು ಪೇರಿಸಿದರೂ ಚೆನ್ನ. ಅದರ ಪದರಗಳಲ್ಲಿ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಸೀಳುವುದೇ ಇಲ್ಲ ಅನ್ನಬಹುದು. ಪುಡಿ ಒತ್ತಿ ಮಾಡಿದ ಬೋರ್ಡ್‌ಗಳು ಬೇಡ, ನೀರು ತಾಗಿದರೆ ಉಬ್ಬಿ ಹಿಟ್ಟಾಗುತ್ತವೆ. ಪದರಗಳ ನಡುವೆ ಮರದ ಗೋಂದು, ಮೇಲಿನಿಂದ 65 ಮಿ.ಮೀ. ಸ್ಕ್ರೂ. ಮೊದಲು ಸಣ್ಣ ತೂತು ಕೊರೆದೇ ಸ್ಕ್ರೂ ಹಾಕಿ, ಇಲ್ಲದಿದ್ದರೆ ಹಲಗೆ ಅಲ್ಲೇ ಸೀಳುತ್ತದೆ. ಕೆಳಗಿನ ಪದರದ ಸ್ಕ್ರೂ ನೇರದಲ್ಲೇ ಮೇಲಿನದ್ದೂ ಬಾರದಂತೆ ಸ್ವಲ್ಪ ಪಕ್ಕಕ್ಕೆ ಹಾಕಿ. ತಲೆ ಮರದೊಳಗೆ ಇಳಿದಿರಬೇಕು. ಟೈರ್ ಓಡುವ ಜಾಗಕ್ಕೆ ಬಣ್ಣ ಬಳಿದು, ಹಸಿ ಇರುವಾಗಲೇ ಸಣ್ಣ ಮರಳು ಉದುರಿಸಿದರೆ ಒಳ್ಳೆಯ ಹಿಡಿತ ಸಿಗುತ್ತದೆ. ಆಯಿಲ್ ಚೆಲ್ಲಿದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಕಟ್ಟೆಯ ಮುಂದಿನ ತುದಿಗೆ 5 ಸೆಂ.ಮೀ. ಎತ್ತರದ ತಡೆಪಟ್ಟಿ ಹಾಕಿದ್ದೇನೆ. ಇದು ಕಾರನ್ನು ತಡೆದು ನಿಲ್ಲಿಸುವ ಗೋಡೆಯಲ್ಲ. ಎಂಜಿನ್ ಬಲದಲ್ಲಿ ಟೈರ್ 5 ಸೆಂ.ಮೀ. ಹತ್ತಿ ಆಚೆ ಹಾರಬಲ್ಲದು. ‘ಬಂತು, ನಿಲ್ಲಿಸು’ ಅಂತ ಓಡಿಸುವವರಿಗೆ ತಿಳಿಸುವುದಷ್ಟೇ ಇದರ ಕೆಲಸ. 60 ಸೆಂ.ಮೀ. ವ್ಯಾಸದ ಟೈರ್ ಇದನ್ನು ಸೋಕಿದಾಗ ಟೈರಿನ ನಡು ಪಟ್ಟಿಯಿಂದ ಸುಮಾರು 17 ಸೆಂ.ಮೀ. ಹಿಂದಿರುತ್ತದೆ. ಅಲ್ಲಿಂದ ಹಿಂದಕ್ಕೆ ಕಟ್ಟೆ ಇನ್ನೂ 24 ಸೆಂ.ಮೀ.ಯಷ್ಟು ಉಳಿಯುತ್ತದೆ. ಮೇಲಿನ ಹಲಗೆ 45 ಸೆಂ.ಮೀ. ಇಟ್ಟದ್ದು ಇದಕ್ಕೇ.

ಕಾರು ತೀರಾ ತಗ್ಗಾಗಿದ್ದರೆ, ಅಥವಾ ಅಷ್ಟು ಉದ್ದದ ರ‍್ಯಾಂಪಿಗೆ ಜಾಗ ಇಲ್ಲದಿದ್ದರೆ ಹತ್ತಿಸುವ ಯೋಚನೆಯನ್ನೇ ಬಿಡಬಹುದು. ಚಚ್ಚೌಕ ಮರದ ಪೀಠ ಮಾಡಿಕೊಂಡು, ಜಾಕ್‌ನಿಂದ ಕಾರೆತ್ತಿ, ಚಕ್ರದ ಕೆಳಗೆ ಪೀಠ ತಳ್ಳಿ, ಜಾಕ್ ಇಳಿಸುವುದು. ಹಲಗೆ ತುಂಡುಗಳನ್ನು ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಪೇರಿಸಿದರೆ ಪೀಠ ತಯಾರು. ನಾಲ್ಕು ಚಕ್ರಕ್ಕೂ ಇಟ್ಟರೆ ಕಾರು ಮಟ್ಟಸವಾಗಿ ಮೇಲೇಳುತ್ತದೆ. ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವಂಥ ಕೆಲಸಕ್ಕೆ ಇದೇ ಬೇಕು, ಓರೆಯಾದ ಕಾರಿನಲ್ಲಿ ಅದು ತಪ್ಪು ತೋರಿಸುತ್ತದೆ.

ರ‍್ಯಾಂಪಿನಲ್ಲಿ ಆಗದ ಕೆಲಸವೂ ಇದೆ. ಚಕ್ರ ಬಿಚ್ಚಲಾಗದು, ಹಾಗಾಗಿ ಬ್ರೇಕ್ ಪ್ಯಾಡ್ ಬದಲಿಸಲಾಗದು. ಅದಕ್ಕೆ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಕಾರಿಗೆ ಕೆಳಗಿನಿಂದ ಆಸರೆ ಕೊಡುವ ಕಾಲು, ಬೇಕು. ಆದರೆ ಸಸ್ಪೆನ್ಷನ್ ರಬ್ಬರ್ ಬುಶ್‌ಗಳ ಬೋಲ್ಟ್ ಕೊನೆಗೆ ಬಿಗಿ ಮಾಡುವುದಕ್ಕೆ ರ‍್ಯಾಂಪೇ ಮೇಲು. ಚಕ್ರಗಳ ಮೇಲೆ ಭಾರ ಇದ್ದಾಗ ಬಿಗಿ ಮಾಡಿದರೆ ಮಾತ್ರ ರಬ್ಬರ್ ತಿರುಚಿಕೊಳ್ಳದೆ ಬಾಳುತ್ತದೆ.

ಹತ್ತಿಸುವುದು, ಕೆಳಗೆ ಹೋಗುವುದು

ರ‍್ಯಾಂಪ್ ಎರಡನ್ನೂ ಟೈರಿಗೆ ನೇರವಾಗಿ, ಒಂದೇ ದೂರದಲ್ಲಿ ಇಡಿ. ಸ್ಟೀರಿಂಗ್ ನೆಟ್ಟಗಿರಲಿ. ನೋಡಿ ಹೇಳುವುದಕ್ಕೆ ಒಬ್ಬರು ಬೇಕು. ಅವರು ಪಕ್ಕದಲ್ಲಿ, ದೂರದಲ್ಲಿ ನಿಲ್ಲಬೇಕು. ಕಾರಿಗೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಕಿವಿ ಕೊಡಿ. ನೆಲ ಕೆರೆಯುವ ಸದ್ದು ಬಂದರೆ ನಿಲ್ಲಿಸಿ, ಹಿಂದೆ ತನ್ನಿ, ಸರಿಮಾಡಿ, ಮತ್ತೆ ಹೊರಡಿ. ಓಟ ತೆಗೆದುಕೊಂಡು ಬಂದು ಹತ್ತಿಸುವ ಯೋಚನೆ ಮಾತ್ರ ಬೇಡ.

ಮೇಲೆ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್. ನೆಲದಲ್ಲಿರುವ ಎರಡು ಚಕ್ರಗಳಿಗೂ ಹಿಂದೆ ಮುಂದೆ ಬೆಣೆ ಕೊಡಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಕಾರಿನ ಹಿಂಭಾಗವನ್ನು ರ‍್ಯಾಂಪ್ ಮೇಲೆ ಏರಿಸಿದಾಗ ನೆಲದಲ್ಲಿರುವ ಮುಂದಿನ ಚಕ್ರಗಳನ್ನು ಅದು ಹಿಡಿಯುವುದೇ ಇಲ್ಲ. ಆಗ ಬೆಣೆಯ ಕೆಲಸ ಇಮ್ಮಡಿ.

ಆಮೇಲೆ ಅಲ್ಲಾಡಿಸಿ ನೋಡಿ. ಬಾಗಿಲ ಕಂಬ ಹಿಡಿದು ಅಡ್ಡಕ್ಕೆ ನೂಕಿ, ಮುಂದಿನಿಂದ ಹಿಂದಕ್ಕೆ ನೂಕಿ. ಜೋರಾಗಿಯೇ ನೂಕಿ. ಅಲುಗುವುದಾದರೆ ನೀವು ಹೊರಗಿರುವಾಗಲೇ ಅಲುಗಲಿ. ಇಷ್ಟಾದರೂ ನಾನು ಕಾರಿನ ಜಾಕ್ ಪಾಯಿಂಟ್‌ಗಳ ಕೆಳಗೆ ಎರಡು ಜಾಕ್ ಸ್ಟ್ಯಾಂಡ್ ಇಟ್ಟೇ ಒಳಗೆ ಹೋಗುವುದು. ಭಾರ ಅವುಗಳ ಮೇಲೆ ಇರುವುದಿಲ್ಲ, ಒಂದು ಬೆರಳು ಸಂದು ಇರುತ್ತದೆ. ರ‍್ಯಾಂಪ್ ಕೈಕೊಟ್ಟರೆ ಕಾರು ಆ ಒಂದು ಬೆರಳಷ್ಟೇ ಇಳಿಯುತ್ತದೆ. ಬರೀ ಹೈಡ್ರಾಲಿಕ್ ಜಾಕ್ ನಂಬಿ ಕೆಳಗೆ ಹೋಗಬಾರದು, ಒಳಗಿನ ಒಂದು ಸಣ್ಣ ಸೀಲ್ ಹೋದರೆ ಅದು ಹಾಗೇ ಕುಸಿಯುತ್ತದೆ. ಕೆಳಗಿರುವಷ್ಟು ಹೊತ್ತು ಕೂಗಿದರೆ ಕೇಳಿಸುವ ದೂರದಲ್ಲಿ ಯಾರಾದರೂ ಇರಲಿ. ಕಣ್ಣಿಗೆ ಕನ್ನಡಕ ಇರಲಿ, ತುಕ್ಕು ನೇರವಾಗಿ ಕಣ್ಣಿಗೇ ಉದುರುತ್ತದೆ.

ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟ್ ಯಾವ ಕಡೆ ಇದೆ ನೋಡಿ. ಮೂತಿ ಮೇಲಾದಾಗ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಹಿಂಬದಿಯಲ್ಲಿ ಬೋಲ್ಟ್ ಇದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ. ಮುಂಬದಿಯಲ್ಲಿದ್ದರೆ ಒಂದಿಷ್ಟು ಒಳಗೇ ಉಳಿಯುತ್ತದೆ. ಅಂಥ ಕಾರಿಗೆ ಹಿಂದಿನ ಚಕ್ರಗಳನ್ನೂ ಎತ್ತುವುದು ಒಳ್ಳೆಯದು.

ಇಳಿಸುವ ಅವಸರದಲ್ಲಿ ಒಂದನ್ನು ಮರೆಯಬಾರದು. ಹೊಸ ಆಯಿಲ್ ಹಾಕುವವರೆಗೆ ಎಂಜಿನ್ ಚಾಲೂ ಮಾಡುವ ಹಾಗಿಲ್ಲ. ಹಾಗಂತ ಎಂಜಿನ್ ಇಲ್ಲದೆ ಸುಮ್ನೆ ನ್ಯೂಟ್ರಲ್‌ನಲ್ಲಿ ಉರುಳಿಸಿದರೆ ಎಂಜಿನ್ ಓಡುವಾಗ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರ್ ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಮೊದಲು ಆಯಿಲ್ ತುಂಬಿ, ಸ್ಟ್ಯಾಂಡ್, ಪಾನೆ, ಆಯಿಲ್ ತಟ್ಟೆ ಎಲ್ಲ ಈಚೆ ತಂದು, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡ ಮೇಲೇ ಬೆಣೆ ತೆಗೆಸಿ. ಬೆಣೆ ತೆಗೆದವರು ದೂರ ಸರಿದ ಮೇಲೆ ಬ್ರೇಕ್ ಸಡಿಲಿಸುತ್ತ ನಿಧಾನವಾಗಿ ಹಿಂದೆ ಬನ್ನಿ.

ಹತ್ತಿಸುವ ಮೊದಲು ರ‍್ಯಾಂಪಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುವುದು ನನಗೆ ರೂಢಿಯಾಗಿದೆ. ಕಾರು ಇಳಿದ ಮೇಲೆ ಬಗ್ಗಿ ಅದನ್ನು ನೋಡುತ್ತೇನೆ. ಎಷ್ಟೋ ಸಲ ಗೆರೆ ಎಳೆದಂತೆಯೇ ಇತ್ತು. ಕಳೆದ ಸಲ ಎಡಗಡೆಯದು ಕಿರುಬೆರಳಿನಷ್ಟು ಮುಂದೆ ಹೋಗಿತ್ತು. ಮಗುಚಿ ನೋಡಿದರೆ ರಬ್ಬರ್ ನಾಲಿಗೆಯ ಅಡಿಗೆ ಹಿಟ್ಟಿನಂಥ ಧೂಳು ಮೆತ್ತಿಕೊಂಡಿತ್ತು. ನೀರು, ಬ್ರಶ್ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ನೆಲವನ್ನೂ ಗುಡಿಸಿ, ಮತ್ತೊಮ್ಮೆ ಕಾರು ಹತ್ತಿಸಿದೆ. ಗೆರೆ ಎಳೆದ ಹಾಗೇ ಇತ್ತು.